ಚೆಕ್‌ರೋಲಲ್ಲಿ ಇಲ್ಲದ ಹೆಸರು (ಘಟ್ಟದ ಕೆಳಗಿನ ಕೆಲಸ, ಭಾಗ 4)

ಕೊಡಗಿಗೂ ಹಡಗಿಗೂ ಏನು ಸಂಬಂಧ ಅಂತೀರಾ? ನಮ್ಮ ಕಾಫಿ ಮಂಗಳೂರಲ್ಲಿ ಹಡಗು ಹತ್ತುತ್ತೆ. ಐಟಿಐ ಮುಗಿಸಿದ ನಮ್ಮ ಹುಡುಗರೂ ಅದೇ ಸಂಪಾಜೆ ಘಾಟಿ ಇಳಿದು ವೆಲ್ಡರ್, ಫಿಟ್ಟರ್ ಕೆಲಸ ಹುಡುಕ್ತಾರೆ.

ಮಂಗಳೂರಿನ ತಣ್ಣೀರುಬಾವಿಯಲ್ಲಿ ಭಾರತಿ ಶಿಪ್‌ಯಾರ್ಡ್ ಇತ್ತು. ಸಮುದ್ರದಲ್ಲಿ ತೈಲ ತೆಗೆಯೋರಿಗೆ ಬೇಕಾದ ಹಡಗು ಕಟ್ಟೋ ಕಂಪನಿ. 2007ರಲ್ಲಿ ಕೇಂದ್ರದ 30% ಸಬ್ಸಿಡಿ ನಿಂತಿತು. ಮರುವರ್ಷ ಜಗತ್ತಿನ ಆರ್ಥಿಕ ಕುಸಿತ. 2014ರಲ್ಲಿ ಕಚ್ಚಾ ತೈಲದ ಬೆಲೆ ಬಿತ್ತು. ಆರ್ಡರ್ ಕಮ್ಮಿಯಾಯ್ತು, ಸಾಲ ಬೆಳೀತು. 2019ರ ಜನವರಿಯಲ್ಲಿ ಕಂಪನಿ ಮುಚ್ಚಿ ಆಸ್ತಿ ಮಾರಲು ನ್ಯಾಯಮಂಡಳಿ ಆದೇಶ ಕೊಟ್ಟಿತು.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ದಿವಾಳಿ ಸಂಹಿತೆಯ ಕಲಂ 33(7)ರ ಪ್ರಕಾರ, ಅಂಥ ಆದೇಶವೇ ನೌಕರರಿಗೆ ಕೆಲಸ ಹೋದ ನೋಟಿಸ್. ವ್ಯವಹಾರ ಮುಂದುವರಿಸಿದರೆ ಮಾತ್ರ ವಿನಾಯಿತಿ.

ಕಾರ್ಮಿಕರಿಗೆ ಅದರಲ್ಲೇ ರಕ್ಷಣೆಯೂ ಇದೆ. ಆದೇಶಕ್ಕೆ ಮುಂಚಿನ 24 ತಿಂಗಳ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಾಲದ ಸಮಕ್ಕೆ ನಿಲ್ಲುತ್ತೆ. ಪಿಎಫ್, ಗ್ರಾಚ್ಯುಟಿ ನಿಧಿಗೆ ಸಾಲ ಕೊಟ್ಟವರು ಕೈ ಹಾಕೋ ಹಾಗಿಲ್ಲ. ಆದ್ರೆ ಕೇಳೋಕೆ ನಿಮ್ಮ ಹೆಸರು ಪುಸ್ತಕದಲ್ಲಿ ಇರ್ಬೇಕಲ್ಲ?

ತೋಟದ ಲೆಕ್ಕ ನಿಮಗೆ ಗೊತ್ತು. ಚೆಕ್‌ರೋಲಲ್ಲಿ ಹೆಸರಿದ್ದವರಿಗೆ ಬೋನಸ್, ಪಿಎಫ್. ಜೀಪಲ್ಲಿ ಬಂದು ಹೋಗೋರಿಗೆ ಆ ದಿನದ ಕೂಲಿ, ಅಷ್ಟೇ. ಹಡಗು ಕಟ್ಟೋ ಕಡೆಯೂ ವೆಲ್ಡಿಂಗ್, ಗ್ರೈಂಡಿಂಗ್, ಪೇಂಟಿಂಗ್ ಹೆಚ್ಚಾಗಿ ಗುತ್ತಿಗೆ. ಗುತ್ತಿಗೆದಾರ ಫೋನಲ್ಲಿ "ನಾಳೆಯಿಂದ ಬರ್ಬೇಡ" ಅಂದ್ರೆ ಮುಗೀತು. ಎಷ್ಟು ಜನರ ಕೆಲಸ ಹೋಯ್ತು ಅನ್ನೋ ಲೆಕ್ಕದಲ್ಲೂ ಇವರು ಬರಲ್ಲ.

ನಮ್ಮ ಪಕ್ಕದ ಮನೆ ಹುಡುಗ ಬೇರೆ ರಾಜ್ಯದ ಯಾರ್ಡಿಂದ ಹಾಗೇ ವಾಪಸ್ ಬಂದ. ನಾಲ್ಕು ವರ್ಷದ ದುಡಿಮೆಗೆ ಅವನ ಹತ್ರ ಇದ್ದ ದಾಖಲೆ, ಅವಧಿ ಮುಗಿದ ಒಂದು ಗೇಟ್ ಪಾಸ್. ಅವನಮ್ಮ ಅದನ್ನೇ ಜೋಪಾನವಾಗಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ.

ಎಲ್ಲಾ ಕಡೆ ಕಥೆ ಮುಗಿದಿಲ್ಲ. ಮಲ್ಪೆಯ ಟೆಬ್ಮಾ ಕೂಡ ದಿವಾಳಿ ಪ್ರಕ್ರಿಯೆಗೆ ಹೋಗಿತ್ತು. 2020ರಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನ ಕೊಂಡಿತು. ಈಗ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್, ನಾರ್ವೆಯಿಂದಲೂ ಆರ್ಡರ್ ಬಂದಿದೆ. ಅಂದ್ರೆ ನಮ್ಮ ಹುಡುಗರು ಮತ್ತೆ ಘಾಟಿ ಇಳೀತಾರೆ. ಇಳೀಲಿ. ಆದ್ರೆ ಇಷ್ಟು ನೋಡ್ಕೊಂಡು ಇಳೀಲಿ:

▪️ ನೇಮಕ ಪತ್ರ ಕೊಟ್ಟಿದ್ದು ಯಾರು, ಕಂಪನಿಯಾ, ಗುತ್ತಿಗೆದಾರನಾ?
▪️ ಯುಎಎನ್ ನಂಬರ್ ಇದೆಯಾ? ಪಿಎಫ್ ತಿಂಗಳು ತಿಂಗಳು ಬೀಳ್ತಿದೆಯಾ?
▪️ ಸಂಬಳ ಬ್ಯಾಂಕ್ ಖಾತೆಗೇ ಬರ್ತಿದೆಯಾ?
▪️ ಗೇಟ್ ಪಾಸ್, ಹಾಜರಿ ಚೀಟಿ ಎಲ್ಲದರ ಫೋಟೋ ತೆಗೆದು ಮನೆಗೆ ಕಳಿಸಿ.

ಗುತ್ತಿಗೆದಾರ ಕೂಲಿ ಕೊಡದಿದ್ರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತ ಕಾನೂನಿದೆ. ಅಲ್ಲಿ ದುಡಿದಿದ್ದೀರಿ ಅನ್ನೋದಕ್ಕೆ ಆಗ ಆ ಫೋಟೋಗಳೇ ಸಾಕ್ಷಿ.

ನಿಮ್ಮ ಮನೆಯಿಂದ ಯಾರಾದ್ರೂ ಹೊರಟಿದ್ರೆ ಇದನ್ನ ಅವರಿಗೆ ಕಳಿಸಿ.

#ಘಟ್ಟದಕೆಳಗಿನಕೆಲಸ #ಕೊಡಗು #ಗುತ್ತಿಗೆಕಾರ್ಮಿಕರು