ವೇಗದ ಸಾಲ

ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ಮೊದಲು ಅನ್ಯರ ಮೇಲೆ ಸಂಶಯಪಡುವುದು ಮನುಷ್ಯಸ್ವಭಾವ. ನಾವೂ ಅದಕ್ಕೆ ಹೊರತಾಗಲಿಲ್ಲ. 2014ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಗಣಕಯಂತ್ರವು ಹಟ ಹಿಡಿದಾಗ ವಿದ್ಯುತ್ತನ್ನು ದೂರಿದೆವು, ಇಲಿಗಳನ್ನು ದೂರಿದೆವು, ಯಂತ್ರದ ಭಾಗಗಳನ್ನು ಮಾರಿದವರನ್ನೂ ಮನಸ್ಸಿನಲ್ಲಿಯೇ ದೂರಿದೆವು. ಕಡೆಗೆ ಅಪರಾಧಿ ಯಾರೆಂಬುದು ತಿಳಿದಾಗ ನಾವೇ ತಲೆ ತಗ್ಗಿಸಬೇಕಾಯಿತು. ಈ ವೃತ್ತಾಂತವು ವಾಚಕ ಬಂಧುಗಳಲ್ಲಿ ಒಬ್ಬಿಬ್ಬರಿಗಾದರೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ತಾಯಿಯವರು ಹಸೆಯ ಹಾಡು, ಬೀಸುವ ಹಾಡು, ಆರತಿಯ ಹಾಡುಗಳನ್ನು ಬಹಳವಾಗಿ ಬಲ್ಲವರು. ಅವರು ಹಾಡಿದ್ದನ್ನು ಹಿಂದೆ ಹನ್ನೆರಡು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆವು. ಅವರು ಕಾಲವಾದ ತರುವಾಯ ಆ ಕ್ಯಾಸೆಟ್ಟುಗಳೇ ನಮಗುಳಿದ ಅವರ ಧ್ವನಿ. ಆದರೆ ಮಲೆನಾಡಿನ ಮಳೆಗಾಲದ ತೇವವು ಅಂತಹ ವಸ್ತುಗಳಿಗೆ ಶತ್ರು. ಪಟ್ಟಿಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ಆದುದರಿಂದ 2013ರ ಜುಲೈ ತಿಂಗಳಿನಲ್ಲಿ ಎಲ್ಲವನ್ನೂ ಗಣಕಯಂತ್ರಕ್ಕೆ ಏರಿಸಿ, ಗರಗರ ಶಬ್ದವನ್ನು ತೆಗೆದು, ಶುದ್ಧಪಡಿಸಿ ಇಡಬೇಕೆಂದು ನಿಶ್ಚಯಿಸಿದೆವು.

ಯಂತ್ರವನ್ನು ಜೋಡಿಸಿಕೊಟ್ಟವನು ಸಾಗರದಲ್ಲಿ ಓದುತ್ತಿದ್ದ ನಮ್ಮ ಅಣ್ಣನ ಮಗ. ಒಂದೊಂದು ಹಾಡನ್ನು ಶುದ್ಧಪಡಿಸುವುದಕ್ಕೂ ಬಹಳ ಹೊತ್ತು ಹಿಡಿಯುವುದನ್ನು ಕಂಡು ಅವನು, “ಇದರ ಪ್ರೊಸೆಸರಿನ ವೇಗವನ್ನು ಏರಿಸಿಬಿಡೋಣ, ಕಾಸು ಖರ್ಚಿಲ್ಲ” ಎಂದನು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಹೊಸ ವಿದ್ಯೆಯೇನಲ್ಲ, 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸಿನಿಂದ 450ಕ್ಕೆ ಏರಿಸಿ ಸಂತೋಷಪಟ್ಟವರು ಲೋಕದಲ್ಲೆಲ್ಲ ಇದ್ದರು. ನಮ್ಮದರ ಮೂಲ ವೇಗ 3.3 ಗಿಗಾಹರ್ಟ್ಸ್. ಹುಡುಗನು ಅದನ್ನು 4.4ಕ್ಕೆ ಏರಿಸಿ ಸಾಗರಕ್ಕೆ ಹಿಂದಿರುಗಿದನು. ನಾವು ಹಿಗ್ಗಿದೆವು.

ಈ ಏರಿಕೆಯೆಂದರೇನೆಂಬುದನ್ನು ಯಕ್ಷಗಾನದ ದೃಷ್ಟಾಂತದಿಂದ ತಿಳಿಯಬಹುದು. ಭಾಗವತರ ತಾಳದ ಒಂದು ಪೆಟ್ಟಿಗೂ ಮತ್ತೊಂದು ಪೆಟ್ಟಿಗೂ ನಡುವೆ ವೇಷಧಾರಿಯು ಹೆಜ್ಜೆಯನ್ನು ಮುಗಿಸಬೇಕು. ತಾಳ ತ್ವರಿತವಾದರೆ ಹೆಜ್ಜೆಯೂ ತ್ವರಿತವಾಗಬೇಕು. ಆಗದಿದ್ದರೆ ಕುಣಿತ ತಪ್ಪುವುದು. ಪ್ರೊಸೆಸರಿನಲ್ಲಿಯೂ ಹಾಗೆಯೇ. 4.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 440 ಕೋಟಿ ಪೆಟ್ಟುಗಳು. ಎರಡು ಪೆಟ್ಟುಗಳ ನಡುವಣ ಸಮಯದಲ್ಲಿ ಬೆಳಕು ಸಹ ಏಳು ಸೆಂಟಿಮೀಟರು ದೂರವನ್ನು ಮುಟ್ಟಲಾರದು. ಅಷ್ಟರೊಳಗೆ ಸಂಕೇತಗಳು ಲೆಕ್ಕ ಮುಗಿಸಿ ತಮ್ಮ ಸ್ಥಾನವನ್ನು ಸೇರಬೇಕು. ಶಾಖ ಹೆಚ್ಚಿದರೂ, ವೋಲ್ಟೇಜು ಸಾಲದಾದರೂ ಅವು ಹಿಂದುಳಿಯುತ್ತವೆ. ಆಗ ಲೆಕ್ಕ ತಪ್ಪುತ್ತದೆ.

ಮಳೆಗಾಲ ಮುಗಿಯುವವರೆಗೆ ಯಾವ ತೊಂದರೆಯೂ ಕಾಣಲಿಲ್ಲ. ಅಡಿಕೆಯ ಕೊಯ್ಲು ಬಂದಾಗ ಕೆಲಸ ನಿಂತಿತು. ಫೆಬ್ರವರಿಯ ಕೊನೆಯಲ್ಲಿ ಮತ್ತೆ ಆರಂಭಿಸಿದೆವು. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಪರದೆ ಇದ್ದಕ್ಕಿದ್ದಂತೆ ನೀಲಿಯಾಗಿ, 124 ಎಂದು ಮುಗಿಯುವ ಒಂದು ಸಂಖ್ಯೆಯನ್ನು ತೋರಿಸಿ, ಯಂತ್ರ ನಿಂತುಹೋಯಿತು. ಮರುದಿನ ಎರಡು ಬಾರಿ ಹಾಗಾಯಿತು. ಇದನ್ನು ಸಹಿಸಬಹುದಾಗಿತ್ತು. ಆದರೆ ವಾರ ಕಳೆದ ಮೇಲೆ, ಶುದ್ಧಪಡಿಸಿ ಇಟ್ಟಿದ್ದ ಒಂದು ಹಾಡನ್ನು ತೆರೆಯಹೋದರೆ ಫೈಲು ಕೆಟ್ಟಿದೆಯೆಂಬ ಉತ್ತರ ಬಂದಿತು. ಆ ಹಾಡನ್ನು ಉಳಿಸಿದ ದಿನ ಯಂತ್ರ ನಿಂತಿರಲೇ ಇಲ್ಲ! ಆಗ ನಮ್ಮ ಎದೆ ನಡುಗಿತು. ನಿಂತುಹೋಗುವ ಯಂತ್ರವು ತನ್ನ ಆಯಾಸವನ್ನು ಹೇಳಿಕೊಳ್ಳುತ್ತದೆ. ನಿಲ್ಲದೆ ತಪ್ಪು ಲೆಕ್ಕ ಮಾಡುವ ಯಂತ್ರವು ಏನನ್ನೂ ಹೇಳದೆ ಹಾಳುಮಾಡುತ್ತದೆ.

ಕೂಡಲೇ ಹಾಡುಗಳ ಕೆಲಸವನ್ನು ನಿಲ್ಲಿಸಿದೆವು. ಒಂದು ಪುಸ್ತಕವನ್ನಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಮಾಡಿಕೊಂಡೆವು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣ ಯಾವುದರಿಂದಾಯಿತೆಂದು ತಿಳಿಯಲಾರದಷ್ಟೆ.

ಮೊದಲು ಶಾಖವನ್ನು ನೋಡಿದೆವು. ಕೆಲಸದ ಭರದಲ್ಲಿ ಪ್ರೊಸೆಸರು 94 ಡಿಗ್ರಿ ಮುಟ್ಟುತ್ತಿತ್ತು. ಪೆಟ್ಟಿಗೆಯನ್ನು ಬಿಚ್ಚಿದರೆ, ತಂಪು ಮಾಡುವ ಲೋಹದ ರೆಕ್ಕೆಗಳ ನಡುವೆ ಅಡಿಕೆ ಸುಲಿಯುವ ಚಪ್ಪರದ ಧೂಳೆಲ್ಲ ಕಂಬಳಿಯಂತೆ ಕುಳಿತಿತ್ತು. ಅದನ್ನು ತೆಗೆದು, ಪ್ರೊಸೆಸರಿಗೂ ಲೋಹಕ್ಕೂ ನಡುವಣ ಲೇಪವನ್ನು ಹೊಸದಾಗಿ ಹಚ್ಚಿದೆವು. ಶಾಖ 81ಕ್ಕೆ ಇಳಿಯಿತು. ನಿಲ್ಲುವುದು ಕಡಮೆಯಾಯಿತು; ತಪ್ಪಲಿಲ್ಲ.

ಎರಡನೆಯದಾಗಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯೆಲ್ಲ ನಡೆಸಿದೆವು. ಮೆಮೊರಿಯಲ್ಲಿ ದೋಷ ಕಾಣಲಿಲ್ಲ.

ಮೂರನೆಯ ಸಂಶಯವು ವಿದ್ಯುತ್ತಿನ ಮೇಲೆ. ಶರಾವತಿಯ ಮಗ್ಗುಲಲ್ಲಿಯೇ ಇದ್ದರೂ ನಮ್ಮ ಮನೆಯ ದೀಪವು ಸಂಜೆಯ ವೇಳೆ ಮಂಕಾಗುತ್ತಿತ್ತು. ತೀರ್ಥಹಳ್ಳಿಯಲ್ಲಿ ನಮ್ಮ ತಂಗಿಯ ಮನೆಯಲ್ಲಾದರೋ ಒಳ್ಳೆಯ ಯುಪಿಎಸ್ ಇದೆ. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಪ್ರೈಮ್95 ಎಂಬ ಪರೀಕ್ಷೆಯನ್ನು ನಡೆಸಿದೆವು. ಬಹು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕಾಗಿ 1996ರಲ್ಲಿ ಆರಂಭವಾದ ಒಂದು ಲೋಕವ್ಯಾಪಿ ಪ್ರಯತ್ನದ ಸಾಧನವಿದು. ತಿಂಗಳುಗಟ್ಟಲೆಯ ಲೆಕ್ಕದಲ್ಲಿ ಒಂದು ತಪ್ಪಾದರೂ ಶ್ರಮವೆಲ್ಲ ವ್ಯರ್ಥ. ಆದುದರಿಂದ ಉತ್ತರ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಯಂತ್ರವನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿದೆ. ನಮ್ಮ ಯಂತ್ರವು ಎರಡನೆಯ ಗಂಟೆಯಲ್ಲಿ ತಪ್ಪು ಉತ್ತರ ಕೊಟ್ಟಿತು. ವಿದ್ಯುತ್ತು ನಿರ್ದೋಷಿಯೆಂದಾಯಿತು.

ಉಳಿದದ್ದು ಒಂದೇ. ವೇಗವನ್ನು ಮೂಲದ 3.3ಕ್ಕೆ ಇಳಿಸಿದೆವು. ಹದಿನಾಲ್ಕು ಗಂಟೆ ನಡೆಸಿದರೂ ಒಂದು ತಪ್ಪೂ ಬರಲಿಲ್ಲ. ತರುವಾಯ ನೂರು ನೂರು ಮೆಗಾಹರ್ಟ್ಸಿನಂತೆ ಏರಿಸುತ್ತ ಹೋದೆವು. 4.0ರವರೆಗೆ ನಿಂತಿತು, 4.1ರಲ್ಲಿ ಎಡವಿತು. ಅಪರಾಧಿಯು ನಮ್ಮ ಅವಸರವೇ ಆಗಿತ್ತು. ಮಳೆಗಾಲದಲ್ಲಿ ಕೋಣೆಯ ತಂಪು ಅದನ್ನು ಮುಚ್ಚಿಟ್ಟಿತ್ತು, ಬೇಸಗೆಯು ಬಯಲಿಗೆಳೆಯಿತು.

ಸಾಗರದ ಹುಡುಗನಿಗೆ ವರ್ತಮಾನ ತಿಳಿಸಿದಾಗ, ವೋಲ್ಟೇಜನ್ನು 1.20ರಿಂದ 1.35ಕ್ಕೆ ಏರಿಸಿದರೆ 4.4 ನಿಲ್ಲುವುದೆಂದು ಹೇಳಿದನು. ಅದು ಸುಳ್ಳಲ್ಲ. ಆದರೆ ಶಾಖವು ವೇಗಕ್ಕೆ ಅನುಸಾರವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿಯೂ ಬೆಳೆಯುವುದು. ಕಾಗದದಲ್ಲಿ ಲೆಕ್ಕ ಹಾಕಿ ನೋಡಿದೆವು: ಮೂಲಸ್ಥಿತಿಗಿಂತ ವೇಗದ ಲಾಭ ನೂರಕ್ಕೆ 33, ವಿದ್ಯುತ್ತಿನ ವೆಚ್ಚವೂ ಶಾಖವೂ ನೂರಕ್ಕೆ 69 ಹೆಚ್ಚು. ಅಧಿಕ ವೋಲ್ಟೇಜು ಪ್ರೊಸೆಸರಿನ ಆಯುಸ್ಸನ್ನೂ ಕ್ಷೀಣಗೊಳಿಸುವುದು. ಈ ಮಾತಿಗೆ ಸಾಕ್ಷಿ ಆಮೇಲೆ ದೊಡ್ಡ ಪ್ರಮಾಣದಲ್ಲಿಯೇ ಬಂದಿತು: ತನ್ನ 13 ಮತ್ತು 14ನೆಯ ತಲೆಮಾರಿನ ಕೆಲವು ಪ್ರೊಸೆಸರುಗಳ ಅಸ್ಥಿರತೆಗೆ ಮಿತಿಮೀರಿದ ವೋಲ್ಟೇಜು ಕಾರಣವೆಂದು ಇಂಟೆಲ್ ಸಂಸ್ಥೆಯೇ 2024ರಲ್ಲಿ ತಿಳಿಸಿ, ತಿದ್ದುಪಡಿಯನ್ನು ಹೊರಡಿಸಿ, ಅವುಗಳ ವಾರಂಟಿಯನ್ನು ಎರಡು ವರ್ಷ ಮುಂದುವರಿಸಿತು.

ನಾವು 4.0 ಕೂಡ ಬೇಡವೆಂದು 3.3ಕ್ಕೇ ನಿಲ್ಲಿಸಿದೆವು. ನಮ್ಮ ಸಾಗರ ಸೀಮೆಯ ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಕಟ್ಟೆಯ ನೆತ್ತಿ ಅದಕ್ಕಿಂತ ಮೇಲಿದೆ. ಆ ನಡುವಣ ಸ್ಥಳವು ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ಪ್ರೊಸೆಸರನ್ನು ಮಾಡಿದವರು ಬಿಟ್ಟಿದ್ದ ಅಂತರವೂ ಅಂತಹುದೇ. ಸೆಖೆಗೆ, ಧೂಳಿಗೆ, ಮುಪ್ಪಿಗೆ ಮೀಸಲಿಟ್ಟದ್ದು. ನಾವು ಅದನ್ನು ಪುಕ್ಕಟೆಯ ಲಾಭವೆಂದು ಎಣಿಸಿದ್ದೆವು, ಅದು ಸಾಲವಾಗಿತ್ತು.

ಸಾಲದ ಬಡ್ಡಿಯ ಮಾತು ಉಳಿದಿದೆ. ಎಲ್ಲ ಹಾಡುಗಳನ್ನೂ ಪರಿಶೀಲಿಸಲಾಗಿ ಎರಡು ಕೆಟ್ಟಿದ್ದವು. ಒಂದರ ಪ್ರತಿಯನ್ನು ಜುಲೈಯಲ್ಲಿಯೇ ತಂಗಿಗೆ ಕಳುಹಿಸಿದ್ದೆವು. ಅದು ತೀರ್ಥಹಳ್ಳಿಯಲ್ಲಿ ಭದ್ರವಾಗಿತ್ತು. ಮತ್ತೊಂದು, ಮದುವಣಗಿತ್ತಿಯನ್ನು ಕಳುಹಿಸುವ ಹಾಡು. ಅದರ ಕ್ಯಾಸೆಟ್ಟು ಒಮ್ಮೆ ನುಡಿಸುವಷ್ಟರಲ್ಲಿ ತುಂಡಾಗಿ ಹೋಗಿತ್ತು. ನಡುವೆ ನಾಲ್ಕು ಸಾಲುಗಳ ಜಾಗದಲ್ಲಿ ಬರಿಯ ಕರ್ಕಶ ಶಬ್ದ. ನಾವು ಮಾತಿಲ್ಲದೆ ಕುಳಿತೆವು. ತಂಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಸಾಲುಗಳು ನನಗೆ ಬರುತ್ತವೆ. ನನ್ನನ್ನು ಕಳುಹಿಸಿದ ದಿನ ಅಮ್ಮ ಅದನ್ನೇ ಹಾಡಿದ್ದರು” ಎಂದಳು.

ಅವಳು ಹಾಡಿದ್ದನ್ನು ಹಿಡಿದು, ಆ ಜಾಗದಲ್ಲಿ ಸೇರಿಸಿದೆವು. ಯಂತ್ರವು ಬಹಳ ಹೊತ್ತು ತೆಗೆದುಕೊಂಡಿತು. ನಾವು ಅವಸರಪಡಿಸಲಿಲ್ಲ. ಈಗ ಆ ಹಾಡಿನಲ್ಲಿ ತಾಯಿಯ ಧ್ವನಿ ನಿಂತು, ಮಗಳ ಧ್ವನಿ ಬಂದು, ಪುನಃ ತಾಯಿಯ ಧ್ವನಿ ಮುಂದುವರಿಯುತ್ತದೆ. ಅದರ ಮೂರು ಪ್ರತಿಗಳನ್ನು ಮಾಡಿ ಸಾಗರದಲ್ಲೊಂದು, ಹೊಸನಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಇಟ್ಟಿದ್ದೇವೆ.