ಸ್ವಂತ ವಾಹನವಿಲ್ಲದೆ ಕಂಬಂ ಕಣಿವೆಗೆ

ಹಿಂದಿನ ವರ್ಷದ ದಶಲಕ್ಷಣ ಪರ್ವದಲ್ಲಿ ನಮ್ಮ ತಾಯಿಯವರು ಪರಿಗ್ರಹ ಪರಿಮಾಣದ ಪಟ್ಟಿ ಬರೆಯಲು ಕುಳಿತಾಗ, ಪಾತ್ರೆ, ಸೀರೆ, ಬಂಗಾರಗಳ ಲೆಕ್ಕ ಮುಗಿಸಿ, "ಆ ಕಾರನ್ನ ಯಾರ ಲೆಕ್ಕಕ್ಕ ಬರೀಲಿ?" ಎಂದು ಕೇಳಿದರು. ಹುಬ್ಬಳ್ಳಿಯ ನಮ್ಮ ಸಾಂಬಾರ ಪದಾರ್ಥಗಳ ಅಂಗಡಿಗೆ ಸರಕು ಬರುವುದು ಲಾರಿಯಲ್ಲಿ. ಅಂಗಡಿ ಮನೆಯಿಂದ ಹತ್ತು ನಿಮಿಷದ ದಾರಿ. ಯೋಚಿಸಿ ನೋಡಿದರೆ ಕಾರು ಹೆಚ್ಚಾಗಿ ಮದುವೆ ಮುಂಜಿಗಳಲ್ಲಿ ನಮ್ಮ ಅಂತಸ್ತನ್ನು ಹೊತ್ತು ತಿರುಗುತ್ತಿತ್ತು. ಅದನ್ನು ಮಾರಿ, ಒಂದು ವರ್ಷ ಸ್ವಂತ ವಾಹನವಿಲ್ಲದೆ ಇರುವ ನಿಯಮ ಮಾಡಿದೆವು. ಬಾಡಿಗೆ ವಾಹನಕ್ಕೆ ಅಡ್ಡಿಯಿರಲಿಲ್ಲ. ಮಕ್ಕಳು ಗೊಣಗಿದರು. ಅಮೆರಿಕದಲ್ಲಿರುವ ಅಳಿಯಂದಿರು ಫೋನಿನಲ್ಲಿ ನಕ್ಕು, ಅಲ್ಲಿನ ಬಹುಪಾಲು ಊರುಗಳಲ್ಲಿ ಕಾರಿಲ್ಲದವನು ಕಾಲಿಲ್ಲದವನಂತೆ ಎಂದರು. ನ್ಯೂಯಾರ್ಕ್ ನಗರದ ಮಾತು ಮಾತ್ರ ಬೇರೆಯಂತೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಕಾರಿಲ್ಲ. ಎಲ್ಮ್‌ಹರ್ಸ್ಟ್‌ನ ಜಿನಮಂದಿರಕ್ಕೆ ಶ್ರಾವಕರು ರೈಲು ಇಳಿದು ನಡೆದೇ ಹೋಗಬಹುದು.

ತಾಯಿಯವರಿಗೆ ಬಹುಕಾಲದಿಂದ ಒಂದು ಆಸೆಯಿತ್ತು: ಪಾಂಡ್ಯನಾಡಿನ ಐವರ್‌ಮಲೆಯ ಪಾರ್ಶ್ವನಾಥ ಸ್ವಾಮಿಯ ದರ್ಶನ. ಎಪ್ಪತ್ತಾರರ ವಯಸ್ಸು, ಮೊಣಕಾಲು ನೋವು. ಕಾರಿದ್ದಾಗ ಹೋಗಲಿಲ್ಲ, ಇಲ್ಲದಾಗ ಹೊರಟೆವು. ಜನವರಿಯ ಒಂದು ಸಂಜೆ ಬೆಂಗಳೂರಿನಲ್ಲಿ ತೂತುಕುಡಿ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಮುಂಜಾನೆ ದಿಂಡಿಗಲ್ಲಿನಲ್ಲಿ ಇಳಿದೆವು. ಕುದಿಸಿದ ನೀರಿನ ಎರಡು ಡಬ್ಬಿ, ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ನಮ್ಮ ಚೀಲದಲ್ಲಿದ್ದವು.

ದಿಂಡಿಗಲ್ ಬೀಗಗಳಿಗೆ ಹೆಸರಾದ ಊರು. ಊರ ನಡುವಿನ ಬೋಳು ಬಂಡೆಯ ಮೇಲೆ ಮದುರೆಯ ನಾಯಕರು 1605ರಲ್ಲಿ ಕಟ್ಟಲಾರಂಭಿಸಿದ ಕೋಟೆಯಿದೆ. 1755ರಲ್ಲಿ ಮೈಸೂರಿನಿಂದ ಇಲ್ಲಿಗೆ ಫೌಜುದಾರನಾಗಿ ಬಂದ ಹೈದರಾಲಿಯ ಏಳಿಗೆ ಆರಂಭವಾದದ್ದು ಈ ಊರಿನಿಂದಲೇ. ನಾವು ಕೋಟೆಯನ್ನು ಕೆಳಗಿನಿಂದಲೇ ನೋಡಿ ಪಳನಿಯ ಬಸ್ಸು ಹತ್ತಿದೆವು. ತೈಪೂಸಂ ಹತ್ತಿರವಿದ್ದ ದಿನಗಳು. ದಾರಿಯುದ್ದಕ್ಕೂ ಪಳನಿ ಮುರುಗನ್ ಸನ್ನಿಧಿಗೆ ಬರಿಗಾಲಲ್ಲಿ ನಡೆಯುವ ಜನ. ಮೊಮ್ಮಗ ಕಿಟಕಿಯಿಂದ ನೋಡುತ್ತ, "ಇವರಿಗೆಲ್ಲ ಬಸ್ಸು ಸಿಗಲಿಲ್ಲವೇನಜ್ಜಿ?" ಎಂದ. "ನಮ್ಮ ಮುನಿಗಳಿಗೆ ಸಿಗೂದಿಲ್ಲೇನು? ಬೇಡಂತಾರ" ಎಂದು ಅಜ್ಜಿ ಉತ್ತರ ಕೊಟ್ಟರು.

ಪಳನಿಯಿಂದ ಐವರ್‌ಮಲೆಗೆ ಆಟೋ ಮಾಡಿಕೊಂಡೆವು. ಪಂಚಪಾಂಡವರು ಇಲ್ಲಿದ್ದರೆಂದು ಸುತ್ತಿನವರ ನಂಬಿಕೆ. ಹೆಸರು ಬಂದದ್ದೂ ಹಾಗೆಯೇ. ಮೆಟ್ಟಿಲು ಹತ್ತಲು ತಾಯಿಯವರು ನಾಲ್ಕು ಕಡೆ ಕುಳಿತರು, ಆದರೆ ಹಿಂದಿರುಗುವ ಮಾತೆತ್ತಲಿಲ್ಲ. ಮೇಲೆ ಚಾಚಿದ ಬಂಡೆಯ ನೆರಳಿನಲ್ಲಿ ಸಾಲಾಗಿ ಹದಿನಾರು ಉಬ್ಬುಶಿಲ್ಪಗಳು. ನಾಗಹೆಡೆಯ ಕೆಳಗೆ ಪಾರ್ಶ್ವಸ್ವಾಮಿ ಅಲುಗದೆ ನಿಂತಿದ್ದಾನೆ. ಅಲ್ಲಿನ ಶಾಸನ ಶಕವರ್ಷ 792ರದು, ಎಂದರೆ ಕ್ರಿ.ಶ. 870. ವರಗುಣ ಪಾಂಡ್ಯನ ಎಂಟನೆಯ ಆಳ್ವಿಕೆಯ ವರ್ಷದಲ್ಲಿ, ಗುಣವೀರರ ಶಿಷ್ಯ ಶಾಂತಿವೀರ ಕುರವರು ಪಾರ್ಶ್ವಭಟಾರರ ಮತ್ತು ಯಕ್ಷಿಯರ ಬಿಂಬಗಳನ್ನು ಜೀರ್ಣೋದ್ಧಾರ ಮಾಡಿಸಿ, ಪೂಜೆಗೂ ಒಬ್ಬ ಯತಿಯ ಆಹಾರಕ್ಕೂ 505 ಕಾಣಂ ಚಿನ್ನ ಇರಿಸಿದರೆಂದು ಅದು ತಿಳಿಸುತ್ತದೆ. ವ್ಯಾಪಾರಿಗಳಾದ ನಮಗೆ ಆ ಲೆಕ್ಕದ ಖಚಿತತೆ ಮೆಚ್ಚಿಗೆಯಾಯಿತು. ತಾಯಿಯವರಿಗೆ ಮಾತ್ರ ಒಬ್ಬ ಯತಿಯ ಊಟವೆಂಬ ಮಾತೇ ಹಿಡಿಸಿತು. ಇಳಿಯುವಾಗ ಅದನ್ನೇ ಹೇಳುತ್ತಿದ್ದರು.

ಮಾರನೆಯ ದಿನ ದಿಂಡಿಗಲ್ಲಿನಿಂದ ವತ್ತಲಗುಂಡು, ಪೆರಿಯಕುಳಂ ದಾರಿಯಾಗಿ ತೇನಿಗೆ ಬಂದೆವು. ಅಲ್ಲಿನ ಹೊಸ ಬಸ್ ನಿಲ್ದಾಣಕ್ಕೆ ಕರ್ನಲ್ ಪೆನ್ನಿಕ್ವಿಕ್ ಹೆಸರಿದೆ. ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರ್ ನೀರನ್ನು ಅಣೆಕಟ್ಟಿನಿಂದ ತಡೆದು, ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದ ಇಂಜಿನಿಯರ್ ಆತ. ಕೆಲಸ ಮುಗಿದದ್ದು 1895ರಲ್ಲಿ. ಕಂಬಂ ಕಣಿವೆಯ ಗದ್ದೆ, ತೆಂಗು, ದ್ರಾಕ್ಷಿಗಳೆಲ್ಲ ಆ ನೀರಿನ ಋಣ. ಜನವರಿ 15ರಂದು ರೈತರು ಆತನ ಜನ್ಮದಿನ ಆಚರಿಸಿ ಪೊಂಗಲ್ ಇಡುತ್ತಾರೆ.

ತೇನಿಯಿಂದ 15 ಕಿಲೋಮೀಟರು ದೂರದ ಬೋಡಿನಾಯಕನೂರು ನಮ್ಮ ದಂಧೆಯವರಿಗೆಲ್ಲ ಗೊತ್ತಿರುವ ಊರು. ಇಡುಕ್ಕಿ ಬೆಟ್ಟಗಳ ಏಲಕ್ಕಿ ಇಲ್ಲಿ ಹರಾಜಾಗುತ್ತದೆ. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣ ಕೇಳಲಿಲ್ಲ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಲ್ಲಿ ಜಾರಿಗೆ ಬಂದ ಸೌಲಭ್ಯವದು. ನಮ್ಮ ರಾಜ್ಯದಲ್ಲಿ ಅಂಥದೇ ಶಕ್ತಿ ಯೋಜನೆ ಬಂದದ್ದು 2023ರ ಜೂನಿನಲ್ಲಿ. ಬೋಡಿಗೆ ರೈಲೂ ಇದೆ. 1928ರಲ್ಲಿ ಬಂದ ಮದುರೆ–ಬೋಡಿ ಮೀಟರ್ ಗೇಜ್ ಮಾರ್ಗವನ್ನು 2010ರ ಕೊನೆಗೆ ಅಗಲಗೊಳಿಸಲೆಂದು ಮುಚ್ಚಿದರು. ಮತ್ತೆ ತೇನಿಗೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನಿನಲ್ಲಿ. ಕಾರಿಲ್ಲದವರು ಆ ಹನ್ನೆರಡು ವರ್ಷ ಬಸ್ಸನ್ನೇ ನಂಬಿ ಕಳೆದರು. ಒಂದು ವರ್ಷದ ನಿಯಮಕ್ಕೆ ಬೀಗುತ್ತಿದ್ದ ನಮಗೆ ಅದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು.

ಮೂರನೆಯ ದಿನ ಉತ್ತಮಪಾಳಯಕ್ಕೆ ಹೊರಟೆವು. ಚಿನ್ನಮನೂರಿನಲ್ಲಿ ಹತ್ತಿದ ಒಬ್ಬ ಅಜ್ಜಿ, ನಾವು ಆಡುವುದನ್ನು ಕೇಳಿ ಕನ್ನಡದಲ್ಲೇ ಮಾತಿಗಿಳಿದರು. ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಕಪ್ಪಿಲಿಯರ್ ಮೊದಲಾದ ಮನೆತನಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಅವರಿಗೆ ಕನ್ನಡ ಅಕ್ಷರ ಬರದು, ಅವರ ಮಾತು ಅರ್ಧ ನಮಗೆ ತಿಳಿಯದು. ಆದರೂ ಇಬ್ಬರು ಮುದುಕಿಯರು ಇಳಿಯುವ ತನಕ ಮಾತು ನಿಲ್ಲಿಸಲಿಲ್ಲ. ಒಂದು ಗೊಂಚಲು ಕಂಬಂ ದ್ರಾಕ್ಷಿ ತಾಯಿಯವರ ಮಡಿಲಿಗೆ ಬಂತು.

ಉತ್ತಮಪಾಳಯದ ಬಂಡೆಯಲ್ಲಿ ತೀರ್ಥಂಕರರು ಎರಡು ಸಾಲಾಗಿ ಕೆತ್ತಲ್ಪಟ್ಟಿದ್ದಾರೆ. ಪಕ್ಕದಲ್ಲೇ ಕರುಪ್ಪಣ್ಣಸಾಮಿಯ ಗುಡಿ. ಬಿಂಬಗಳ ಬಳಿ ವಟ್ಟೆಳುತ್ತು ಲಿಪಿಯಲ್ಲಿ ಮಾಡಿಸಿದವರ ಹೆಸರುಗಳಿವೆ. ಅವುಗಳಲ್ಲಿ ಅಜ್ಜಣಂದಿ ಎಂಬ ಮುನಿಯದೂ ಒಂದು. ಮದುರೆಯ ಸುತ್ತಲಿನ ಹಲವು ಬೆಟ್ಟಗಳಲ್ಲಿ ಅದೇ ಹೆಸರು ಕಾಣುತ್ತದೆ. ಮುಂದೆ ನಾಲ್ಕು ಮೊಳ ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯಲ್ಲಿ ನಡೆದು ಆ ಮಹನೀಯರು ಇಷ್ಟು ಬೆಟ್ಟ ಮುಟ್ಟಿದರು.

ಜಪ ಮಾಡಿ ಹೊರಡುವಾಗ ಐದು ಗಂಟೆ. ಬಸ್ಸು ತಡವಾಯಿತು, ಬಂದದ್ದು ದಾರಿಯಲ್ಲಿ ಕೆಟ್ಟು ನಿಂತಿತು. ಊಟದ ಡಬ್ಬಿ ತೇನಿಯ ಕೋಣೆಯಲ್ಲಿ. ಮಡಿಲ ದ್ರಾಕ್ಷಿ ತೊಳೆಯಲು ನೀರಿಲ್ಲ. ಬೆಟ್ಟಗಳ ಹಿಂದೆ ಸೂರ್ಯ ಇಳಿದ. ತಾಯಿಯವರು ಕೈಮುಗಿದು ಮರುದಿನದ ತನಕ ಅನ್ನ ನೀರು ಬಿಟ್ಟರು. ಮಧ್ಯಾಹ್ನವೂ ಅವರು ಸರಿಯಾಗಿ ಉಂಡಿರಲಿಲ್ಲ. ಮಗ ಸಿಟ್ಟಿನಿಂದ, "ಕಾರಿದ್ದಿದ್ದರೆ ಅಜ್ಜಿ ಉಪವಾಸ ಬೀಳುತ್ತಿರಲಿಲ್ಲ" ಎಂದ. ನಮಗೆ ಉತ್ತರ ತೋಚಲಿಲ್ಲ. ನಮ್ಮ ನಿಯಮದ ಭಾರವನ್ನು ಹಿರಿಯರ ಮೇಲೆ ಹೊರಿಸಿದೆವೇ ಎಂಬ ಅಳುಕು ರಾತ್ರಿಯೆಲ್ಲ ಕಾಡಿತು. ಒಂದೆರಡು ಬಾರಿ ಎದ್ದು ಅವರ ಉಸಿರಾಟ ನೋಡಿದೆವು.

ಬೆಳಿಗ್ಗೆ ಸೂರ್ಯೋದಯದ ನಂತರ ನೀರು ಕುಡಿದು ಅವರೇ ಹೇಳಿದರು: "ತಪ್ಪು ಬಸ್ಸಿಂದಲ್ಲಪ್ಪ, ನಮ್ಮದು. ನಾಲ್ಕಕ್ಕ ಏಳೂದು ಬಿಟ್ಟು ಐದರ ತನಕ ಕುಂತಿವಿ. ಕಾರಿದ್ರ ಆರರ ತನಕ ಕುಂತಿರ್ತಿದ್ವಿ." ಆಮೇಲೆ ನಗುತ್ತ, "ಆದ್ರ ಡಬ್ಬಿ ಮರೆತು ಬಂದವ ನೀನು. ಇನ್ನ ಮ್ಯಾಲೆ ಡಬ್ಬಿ ನನ್ನ ಕೈಯಾಗಿರ್ಲಿ" ಎಂದರು.

ತೇನಿಯಿಂದ ರೈಲಿನಲ್ಲಿ ಮದುರೆಗೆ ಬಂದು, ಕೊನೆಯ ದಿನ ಸಮಣರ್‌ಮಲೆ ನೋಡಿದೆವು. ಅಲ್ಲಿ ಅಜ್ಜಣಂದಿಯ ತಾಯಿ ಗುಣಮತಿಯಾರ್ ಮಾಡಿಸಿದ ಬಿಂಬವಿದೆ. ಬೆಟ್ಟದ ಮೇಲೆ ದೀಪಸ್ತಂಭದ ಬಳಿ ಕನ್ನಡ ಶಾಸನವೊಂದಿದ್ದು, ಅದರಲ್ಲಿ ಮೂಲಸಂಘದ ಆರ್ಯದೇವರ ಹೆಸರಿದೆ. ತಾಯಿಯವರು ಮೇಲೆ ಬರಲಾರದೆ ಕೆಳಗೆ ತಾವರೆಕೊಳದ ಹತ್ತಿರ ಕುಳಿತಿದ್ದರು. ಇಳಿದು ಬಂದ ಮೊಮ್ಮಗ ಅಜ್ಜಿಗೆ ಮೊದಲು ಹೇಳಿದ ಸುದ್ದಿ, "ಅಲ್ಲಿ ನಮ್ಮ ಅಕ್ಷರ ಐತಿ" ಎಂಬುದೇ.

ನಿಯಮದ ವರ್ಷ ಮೊನ್ನೆ ಅನಂತ ಚತುರ್ದಶಿಗೆ ಮುಗಿಯಿತು. ಕಾರು ಕೊಳ್ಳಬೇಕೇ ಎಂದು ಮನೆಯವರೆಲ್ಲ ಕುಳಿತು ಯೋಚಿಸಿದೆವು. ಹಿರಿಯರ ಆರೋಗ್ಯದ ಪ್ರಶ್ನೆ ಬಂದರೆ ತಡಮಾಡದೆ ಬಾಡಿಗೆ ಗಾಡಿ ಕರೆಯುವುದು, ಉಳಿದಂತೆ ಇನ್ನೊಂದು ವರ್ಷ ಹೀಗೆಯೇ ಇರುವುದು ಎಂದು ನಿಶ್ಚಯವಾಯಿತು. ಹಾಗೆಂದು ಕಾರಿರುವ ಬಂಧುಗಳನ್ನು ನಾವು ಹಳಿಯುವುದಿಲ್ಲ. ಅವರವರ ಅಗತ್ಯ ಅವರಿಗೆ ಗೊತ್ತು. ಆ ಕಡೆ ಯಾತ್ರೆ ಹೋಗುವವರಿಗೆ ನಮ್ಮ ಅನುಭವದ ಒಂದೇ ಮಾತು: ನಾಲ್ಕು ಗಂಟೆಗೆ ಏಳಿರಿ, ಊಟದ ಡಬ್ಬಿ ಜೊತೆಗಿರಲಿ.

ಜಯ ಜಿನೇಂದ್ರ.