ಸಿಸ್ಟರಮ್ಮನ ರಿಟೈರ್‌ಮೆಂಟು

ರಿಟೈರಾದವರು ಏನು ಮಾಡುತ್ತಾರೆ ಹೇಳಿ? ಗಂಡಸರಾದರೆ ಪೆನ್ಶನ್ ಲೆಕ್ಕ, ಪಾರ್ಕಿನ ಬೆಂಚು, ಸರ್ಕಾರಕ್ಕೊಂದಿಷ್ಟು ಬೈಗುಳ. ಹೆಂಗಸರಿಗೆ ಆ ಭಾಗ್ಯವೂ ಇಲ್ಲ, ಮೊಮ್ಮಕ್ಕಳು ಬಾಗಿಲಲ್ಲೇ ಕಾದಿರುತ್ತವೆ. ದಾವಣಗೆರೆಯ ನಮ್ಮ ಸಿಸ್ಟರಮ್ಮ ಪಾರ್ಕಿನ ಬೆಂಚಿಗೂ ಸಿಗಲಿಲ್ಲ, ಮೊಮ್ಮಕ್ಕಳ ಕೈಗೂ ಸಿಗಲಿಲ್ಲ. (ಹೆಸರು ಬರೀಬ್ಯಾಡ ಅಂದಿದ್ದಾರೆ, ಬರೆದರೂ ಓಣಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ.) ಆಯುಷ್ಯವಿಡೀ ಊರವರ ಸೊಂಟಕ್ಕೆ ಸೂಜಿ ಚುಚ್ಚಿದ ಈ ಮಹಾತಾಯಿ ಈಗ "ಈ ಹುಡುಗರ ಸೊಂಟಕ್ಕೆ ಚುಚ್ಚಬ್ಯಾಡ್ರಪ್ಪಾ" ಎಂದು ಹಳ್ಳಿಹಳ್ಳಿಯ ಕಾಂಪೌಂಡರುಗಳಿಗೆ ಬುದ್ಧಿ ಹೇಳುತ್ತ ತಿರುಗುತ್ತಾರೆ!

ಸಂಗತಿ ಹಿಮೋಫಿಲಿಯಾದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ 9 ಹುಟ್ಟಿನಿಂದಲೇ ಕಡಿಮೆ. ಮಾಂಸಖಂಡಕ್ಕೆ ಸೂಜಿ ಹಾಕಿದರೆ ರಕ್ತ ಒಳಗೊಳಗೇ ತುಂಬಿಕೊಳ್ಳುತ್ತದೆ. ಕಾಡುವುದು ಬಹುಪಾಲು ಗಂಡುಮಕ್ಕಳನ್ನು, ಬರುವುದು ಸಾಮಾನ್ಯವಾಗಿ ತಾಯಿಯಿಂದ. ಇಷ್ಟು ಸಾಕಲ್ಲ, ಸೊಸೆಗೆ ಬೈಯಲು ಅತ್ತೆಗೆ? ಅಂಥ ಮನೆಗಳಲ್ಲಿ ಸಿಸ್ಟರಮ್ಮ ವಿಕ್ಟೋರಿಯಾ ರಾಣಿಯನ್ನು ಕರೆತರುತ್ತಾರೆ. ರಾಣಿಯ ಮಗ ಲಿಯೋಪೋಲ್ಡನಿಗೆ ಇದಿತ್ತು. ಮರಿಮಗ, ರಷ್ಯಾದ ಯುವರಾಜ ಅಲೆಕ್ಸಿಗೂ ಇತ್ತು. ಅವನ ನೋವು ಶಮನ ಮಾಡುವ ನೆಪದಲ್ಲೇ ರಾಸ್ಪುಟಿನ್ ಅರಮನೆಯವರನ್ನು ಬುಟ್ಟಿಗೆ ಹಾಕಿಕೊಂಡ. "ಅಷ್ಟು ದೊಡ್ಡ ರಾಣಿಗೇ ಯಾರೂ ಬೈಲಿಲ್ಲ, ನಿಮ್ಮದೇನ್ರವ್ವಾ?" ಎಂದರೆ ಅತ್ತೆ ಗಪ್‌ಚುಪ್. ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುವುದೂ ಸುಮಾರು ಮೂರನೇ ಒಂದು ಪಾಲು ಇದೆ. ಆದರೆ ಅಂಕಿಅಂಶಕ್ಕೆ ಬಗ್ಗುವ ಅತ್ತೆಯನ್ನು ನೀವು ಕಂಡಿದ್ದೀರಾ?

ಎಲ್ಲಿದ್ದೆ? ಹಾಂ, ಸೂಜಿ. ಕಡಿಮೆ ಬಿದ್ದ ಫ್ಯಾಕ್ಟರನ್ನು ಚುಚ್ಚಿ ಕೊಡಬೇಕಾದದ್ದು ನರಕ್ಕೆ. ಮಕ್ಕಳ ನರ ಸುಲಭಕ್ಕೆ ಸಿಗುತ್ತದೆಯೇ? ಅದಕ್ಕೇ ಸಿಸ್ಟರಮ್ಮ ಚುಚ್ಚಲು ಕಲಿಯುವ ತಾಯಂದಿರ ಮುಂದೆ ತಮ್ಮ ಕೈಯನ್ನೇ ಚಾಚುತ್ತಾರೆ: "ಹುಡುಕವ್ವಾ, ಹೆದರಬ್ಯಾಡ." ಅವರ ಮನೆಯ ಫ್ರೀಜರಿನ ತುಂಬ, ಒಳಗೇ ರಕ್ತ ತುಂಬಿ ಊದಿದ ಮಂಡಿಗಳಿಗಾಗಿ ಐಸ್ ಪ್ಯಾಕು. ಬೆಣ್ಣೆದೋಸೆಯ ಊರಿನಲ್ಲಿ ಬೆಣ್ಣೆಗೇ ಜಾಗವಿಲ್ಲವೆಂದು ಯಜಮಾನರ ಗೊಣಗಾಟ. ಗೊಣಗಲಿ. ಇದೇ ಊರಿನಲ್ಲಿ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿಯವರೂ ಈ ಕಾಯಿಲೆಯ ಜೊತೆಗೇ ಬೆಳೆದು ಡಾಕ್ಟರಾದವರು. ಅದರ ಮುಂದೆ ಬೆಣ್ಣೆಯದೇನು ದೊಡ್ಡ ಮಾತು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾವೂ ಸೇರಿದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅಂಗವಿಕಲರ ಸರ್ಟಿಫಿಕೇಟಿಗೆ ಅರ್ಜಿ ಬರೆದುಕೊಡುವುದೂ ಸಿಸ್ಟರಮ್ಮನೇ. ನಿಮ್ಮ ಓಣಿಯ ಯಾವುದಾದರೂ ಹುಡುಗ ಬೀಳದೆಯೇ ಮಂಡಿ ಊದಿ ಕುಂಟುತ್ತಿದ್ದರೆ, ಎಣ್ಣೆ ಹಚ್ಚಿ ತಿಕ್ಕಬೇಡಿ, ಆಸ್ಪಿರಿನ್ ನುಂಗಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.